ತುಂಬಿದ ಕೊಡ ಹೊತ್ತು ಹಲಸೂರಿನಿಂದ ಸಂಪಂಗಿಗೆ: ದೇಹ ದಣಿಸುವ ಬೀದಿ ಪ್ರದರ್ಶನಕ್ಕೆ ತಯಾರಾಗುವುದು ಹೇಗೆ

ಬೀದಿಯಲ್ಲಿ ಗಂಟೆಗಟ್ಟಲೆ ದೇಹವನ್ನು ದುಡಿಸಿ ಮಾಡುವ ಪರ್ಫಾರ್ಮೆನ್ಸ್ ಆರ್ಟ್ ಬಗ್ಗೆ ಹೊಸಬರಲ್ಲಿ ಎರಡು ಭ್ರಮೆಗಳಿವೆ. ನೋವು ಹೆಚ್ಚಿದಷ್ಟೂ ಕಲೆ ದೊಡ್ಡದಾಗುತ್ತದೆ ಎಂಬುದು ಒಂದು. ರಂಗಮಂದಿರ, ಬೆಳಕು, ಸಂಭಾಷಣೆ ಯಾವುದೂ ಇಲ್ಲದ್ದರಿಂದ ತಾಲೀಮೂ ಬೇಡ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಆಸ್ಪತ್ರೆ ಸೇರುತ್ತಾರೆ, ಎರಡನೆಯದನ್ನು ನಂಬಿದವರು ಪೊಲೀಸ್ ಠಾಣೆಯಲ್ಲಿ ಕೂರುತ್ತಾರೆ. ನೋಡುವವರ ಕಣ್ಣೆದುರಿನ ದಣಿವು ನಿಜವಾಗಿರಬೇಕು, ಅಪಾಯವನ್ನು ಮಾತ್ರ ಅವರು ಬರುವ ಮೊದಲೇ ತೆಗೆದಿಟ್ಟಿರಬೇಕು. ತಯಾರಿ ಎಂದರೆ ಇಷ್ಟೇ, ಆದರೆ ಇದಕ್ಕೆ ಎರಡು ತಿಂಗಳು ಬೇಕು.

ಗಾಳಿಯಲ್ಲಿ ಮಾತನಾಡುವ ಬದಲು ಒಂದು ಪ್ರದರ್ಶನವನ್ನೇ ಕಟ್ಟುತ್ತಾ ಹೋಗೋಣ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯ ಗುರುತಾಗಿ ಉಳಿದಿರುವುದು ಪಕ್ಕದ ಒಂದು ಪುಟ್ಟ ಕೊಳ ಮಾತ್ರ; ಕರಗದ ವಿಧಿಗಳಿಗೆ ಇಂದಿಗೂ ಆ ಜಾಗ ಬೇಕು. ಇತ್ತ ಹಲಸೂರು ಕೆರೆ ಇನ್ನೂ ಕೆರೆಯಾಗಿಯೇ ಇದೆ. ಉಳಿದ ಕೆರೆಯ ದಂಡೆಯಿಂದ ಅಳಿದ ಕೆರೆಯ ಜಾಗಕ್ಕೆ ಒಬ್ಬ ವ್ಯಕ್ತಿ ಒಂದು ಕೊಡ ನೀರನ್ನು ನಿಧಾನವಾಗಿ ನಡೆದು ಒಯ್ಯುವುದು ನಮ್ಮ ಪ್ರದರ್ಶನ. ದಾರಿ ನಾಲ್ಕೈದು ಕಿಲೋಮೀಟರ್. ಸಮಯ ಸುಮಾರು ಮೂರು ಗಂಟೆ.

ನಿಯಮವನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಳ್ಳೆಯ ಪ್ರದರ್ಶನಗಳ ನಿಯಮಗಳು ಮಗುವಿಗೂ ಹೇಳಿ ಅರ್ಥಮಾಡಿಸುವಷ್ಟು ಸರಳವಾಗಿರುತ್ತವೆ. ಕಲಾವಿದ ಫ್ರಾನ್ಸಿಸ್ ಆಲಿಸ್ 1997ರಲ್ಲಿ ಮೆಕ್ಸಿಕೊ ನಗರದ ಬೀದಿಗಳಲ್ಲಿ ಒಂದು ದೊಡ್ಡ ಮಂಜುಗಡ್ಡೆಯನ್ನು ಅದು ಕರಗಿ ಹೋಗುವವರೆಗೂ ತಳ್ಳುತ್ತಾ ಹೋದರು. ಒಂಬತ್ತು ಗಂಟೆಗೂ ಹೆಚ್ಚು ಹಿಡಿಯಿತು. ಅಮೆರಿಕದ ಕಲಾವಿದ ವಿಲಿಯಂ ಪೋಪ್.ಎಲ್ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯುದ್ದಕ್ಕೂ ಸೂಪರ್‌ಮ್ಯಾನ್ ವೇಷದಲ್ಲಿ ತೆವಳಿದರು. ಇವೆರಡನ್ನೂ ಹೇಳಲು ತಲಾ ಒಂದು ವಾಕ್ಯ ಸಾಕಾಯಿತಲ್ಲವೇ?

ನಮ್ಮ ನಿಯಮ ಹೀಗಿರಲಿ: ಕೊಡವನ್ನು ತಲುಪಬೇಕಾದ ಜಾಗ ತಲುಪುವವರೆಗೆ ನೆಲಕ್ಕೆ ಇಡುವುದಿಲ್ಲ. ತಲೆಯಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ಬದಲಿಸಬಹುದು. ನಿಲ್ಲಬಹುದು. ಇಡುವಂತಿಲ್ಲ. ಅಪಾಯ ಬಂದಾಗ ಮಾತ್ರ ಈ ನಿಯಮ ರದ್ದಾಗುತ್ತದೆ, ರದ್ದು ಮಾಡುವವರು ನೀವಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಭಾರ, ದೂರ, ಹೊತ್ತು ಈ ಮೂರರಲ್ಲಿ ಒಂದನ್ನು ಮಾತ್ರ ನಿಮ್ಮ ಮಿತಿಯ ಹತ್ತಿರಕ್ಕೆ ಒಯ್ಯಿರಿ. ಮೂರನ್ನೂ ಎಳೆದರೆ ಪ್ರದರ್ಶನ ಅರ್ಧದಲ್ಲೇ ಮುಗಿಯುತ್ತದೆ. ಇಲ್ಲಿ ನಾನು ಹೊತ್ತನ್ನು ಆರಿಸಿದ್ದೇನೆ. ಬರಿಗೈಯಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ದಾರಿಯನ್ನು ಮೂರು ಗಂಟೆಗೆ ಹಿಗ್ಗಿಸಿದಾಗ ಎಂಟು ಲೀಟರ್ ನೀರೂ ಬೇರೆಯೇ ತೂಕವಾಗುತ್ತದೆ. ದೂರವೇ ಮುಖ್ಯವೆನಿಸಿದರೆ ಕಂತುಗಳಲ್ಲಿ ಮಾಡಿ. ಪೋಪ್.ಎಲ್ ತಮ್ಮ 22 ಮೈಲಿಯನ್ನು ಒಂದೇ ಉಸಿರಿನಲ್ಲಿ ತೆವಳಲಿಲ್ಲ. 2001ರಿಂದ 2009ರವರೆಗೆ ತುಂಡು ತುಂಡಾಗಿ ತೆವಳಿದರು. ಅದರಿಂದ ಆ ಕೃತಿಯ ಘನತೆಗೆ ಯಾವ ಕುಂದೂ ಬರಲಿಲ್ಲ.

ಬೀದಿ ನಿಮ್ಮನ್ನು ಏನೆಂದು ತಿಳಿಯುತ್ತದೆ?

ಗ್ಯಾಲರಿಗೆ ಬರುವವರಿಗೆ ಅದು ಕಲೆ ಎಂಬುದು ಬಾಗಿಲಲ್ಲೇ ಗೊತ್ತಿರುತ್ತದೆ. ಬೀದಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಮ್ಮಲ್ಲಿ ದೇಹ ದಂಡಿಸುವ ದೃಶ್ಯಗಳಿಗೆ ಬರಗಾಲವಿಲ್ಲ. ಉರುಳುಸೇವೆ ಇದೆ, ಬಾಯಿಬೀಗವಿದೆ, ಪಾದಯಾತ್ರೆ ಇದೆ, ರಾತ್ರಿಯಿಡೀ ಕರಗ ಹೊತ್ತು ನಡೆಯುವವರಿದ್ದಾರೆ. ಆದ್ದರಿಂದ ನೀವು ಕೊಡ ಹೊತ್ತು ನಿಧಾನವಾಗಿ ನಡೆದರೆ ಮೊದಲು ಬರುವ ಪ್ರಶ್ನೆ "ಯಾವ ದೇವರಿಗೆ ಹರಕೆ?" ಎಂಬುದು. ಎರಡನೆಯದು "ಶೂಟಿಂಗಾ?" ಕೆಲವರು ಕೈ ಮುಗಿಯುತ್ತಾರೆ. ಯಾರಾದರೂ ಕಾಲಿಗೆ ನೀರು ಹಾಕಲು ಬಂದರೂ ಆಶ್ಚರ್ಯಪಡಬೇಡಿ.

ಈ ತಪ್ಪು ಗ್ರಹಿಕೆಗಳನ್ನೆಲ್ಲ ಅಳಿಸಲು ಹೋಗಬೇಡಿ. ಆದರೆ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ. ಭಕ್ತಿಯ ಲಾಭವನ್ನು ಕಲೆ ಕದಿಯಬಾರದು ಎಂಬುದು ನನ್ನ ನಿಲುವು. ಹಾಗಾಗಿ ಅರಿಸಿನ, ಕುಂಕುಮ, ಬೇವಿನ ಸೊಪ್ಪು, ಹೂವು ಯಾವುದೂ ಕೊಡದ ಮೇಲೆ ಬೇಡ. ಹಳದಿ ಬಟ್ಟೆ ಬೇಡ. ಕರಗ ನಡೆಯುವ ಚೈತ್ರ ಪೂರ್ಣಿಮೆಯ ಆಸುಪಾಸಿನ ದಿನಗಳಂತೂ ಬೇಡವೇ ಬೇಡ. ಕರಗ ಹೊರುವವರ ಹಿಂದೆ ಒಂದು ಸಮುದಾಯದ ವ್ರತ, ಶಿಸ್ತು, ಪರಂಪರೆಗಳಿವೆ. ಅದರ ನೆರಳಿನಲ್ಲಿ ಪುಕ್ಕಟೆಯಾಗಿ ನಡೆಯುವುದು ಸಭ್ಯತೆಯಲ್ಲ. ಕೊನೆಯಲ್ಲಿ ನೀರನ್ನು ಸಂಪಂಗಿ ಕೊಳಕ್ಕೆ ಸುರಿಯುವ ಆಸೆ ಯಾರಿಗಾದರೂ ಬರುತ್ತದೆ, ದೃಶ್ಯವೂ ಚೆನ್ನಾಗಿರುತ್ತದೆ. ಆದರೆ ಅದು ಪೂಜೆಯ ಜಾಗ. ಸಂಬಂಧಪಟ್ಟ ಹಿರಿಯರು ಒಪ್ಪದಿದ್ದರೆ ಹೊರಗಿನ ಯಾವುದಾದರೂ ಮರದ ಬುಡಕ್ಕೆ ಸುರಿದು ಮುಗಿಸಿ.

ಇನ್ನೊಂದು ಸೂಕ್ಷ್ಮ. ನೀರು ಹೊರುವುದು ಲಕ್ಷಾಂತರ ಹೆಂಗಸರಿಗೆ ಕಲೆಯಲ್ಲ, ಬೆಳಗಿನ ಕೆಲಸ. ದಾರಿಯಲ್ಲಿ ಪೌರಕಾರ್ಮಿಕರೋ ಕಟ್ಟಡ ಕೆಲಸದವರೋ ನಿಮ್ಮನ್ನು ನೋಡಿ ನಕ್ಕರೆ ಆ ನಗೆಗೆ ಕಾರಣವಿದೆ. ಪೋಪ್.ಎಲ್ 1991ರಲ್ಲಿ ಕೋಟು ತೊಟ್ಟು ನ್ಯೂಯಾರ್ಕಿನ ಟಾಂಪ್ಕಿನ್ಸ್ ಚೌಕದ ಬಳಿ ತೆವಳಿದಾಗ ಅವರನ್ನು ತಡೆದು ಸಿಟ್ಟಾದವರು ಅವರಂತೆಯೇ ಕಪ್ಪು ವರ್ಣದ, ಆ ಬಡಾವಣೆಯ ನಿವಾಸಿ. ತನ್ನ ಜನರ ಘನತೆಗೆ ಇದರಿಂದ ಕುಂದು ಎಂದು ಆತನಿಗೆ ಅನ್ನಿಸಿತ್ತು. ಅಂಥ ಸಿಟ್ಟು ಎದುರಾದರೆ ವಾದಿಸಬೇಡಿ, ಓಡಿಯೂ ಹೋಗಬೇಡಿ. ನಿಂತು ಕೇಳಿಸಿಕೊಳ್ಳಿ, ಕೊಡ ಇಳಿಸಬೇಡಿ ಅಷ್ಟೇ. ಇನ್ನು ಹೊರುವವರು ಗಂಡಸಾದರೆ ಅದೇ ದಾರಿಯಲ್ಲಿ ಬೇರೆಯೇ ಮಾತುಗಳು ಕೇಳಿಬರುತ್ತವೆ, ಹೆಚ್ಚಿನವು ತಮಾಷೆಯವು. ಹೆಂಗಸಾದರೆ ಬಹುತೇಕರು ನೋಡುವುದೇ ಇಲ್ಲ. ಆ ವ್ಯತ್ಯಾಸವೂ ಕೃತಿಯ ಭಾಗ. ಯಾರು ಹೊರಬೇಕು ಎಂಬುದನ್ನು ಅದನ್ನು ಯೋಚಿಸಿಯೇ ನಿರ್ಧರಿಸಿ.

ದಾರಿಯನ್ನು ಕಾಲಿನಿಂದ ಓದಿ

ಮ್ಯಾಪ್ ನೋಡಿ ದಾರಿ ಗೊತ್ತುಮಾಡಬೇಡಿ. ಪ್ರದರ್ಶನ ಯಾವ ವಾರ, ಯಾವ ಹೊತ್ತಿಗೋ ಅದೇ ವಾರ, ಅದೇ ಹೊತ್ತಿಗೆ ನಡೆದು ನೋಡಿ. ಹಲಸೂರು ಕೆರೆಯ ದಂಡೆ, ಟ್ರಿನಿಟಿ ವೃತ್ತ, ಮಹಾತ್ಮ ಗಾಂಧಿ ರಸ್ತೆ, ಅನಿಲ್ ಕುಂಬ್ಳೆ ವೃತ್ತ, ಅಲ್ಲಿಂದ ಕಸ್ತೂರಬಾ ರಸ್ತೆ, ವೆಂಕಟಪ್ಪ ಕಲಾ ಗ್ಯಾಲರಿ ಮತ್ತು ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದ ಮುಂದಿನಿಂದ ಕಂಠೀರವ. ತಲೆಯ ಮೇಲೆ ಕೊಡವಿದ್ದಾಗ ಕತ್ತು ಬಗ್ಗಿಸಿ ನೆಲ ನೋಡಲಾಗದು ಎಂಬುದನ್ನು ಮರೆಯಬೇಡಿ. ಎದ್ದ ಚಪ್ಪಡಿ, ತೆರೆದ ಚರಂಡಿ, ತಲೆಗೆ ತಾಗುವ ಕೇಬಲ್, ಕೆಳಗೆ ಬಾಗಿದ ಕೊಂಬೆ, ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸಿದ ಬೈಕುಗಳ ಸಾಲು, ಇವೆಲ್ಲವನ್ನೂ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ನೆರಳು ಎಲ್ಲಿ ಸಿಗುತ್ತದೆ, ಶೌಚಾಲಯ ಎಲ್ಲಿದೆ, ಆಂಬುಲೆನ್ಸ್ ಎಲ್ಲಿ ನಿಲ್ಲಬಹುದು ಎಂಬುದನ್ನೂ.

ರಸ್ತೆ ದಾಟುವ ಕಡೆ ನಿಧಾನ ನಡಿಗೆ ನಿಲ್ಲಬೇಕು. ಸಿಗ್ನಲ್‌ನ ಹಸಿರು ಮನುಷ್ಯ ಎಷ್ಟು ಸೆಕೆಂಡು ಇರುತ್ತಾನೆ ಎಂದು ಎಣಿಸಿ, ಅಷ್ಟರಲ್ಲಿ ಭಾರದೊಂದಿಗೆ ದಾಟಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಆಗದ ವೃತ್ತವಿದ್ದರೆ ದಾರಿ ಬದಲಿಸಿ. ವಾಹನಗಳನ್ನು ನಿಲ್ಲಿಸಿ ಕಲೆ ಮಾಡುವುದು ಬೇರೆಯವರ ಹೊತ್ತನ್ನು ಕೇಳದೆ ತೆಗೆದುಕೊಂಡಂತೆ. ಆ ಬಸ್ಸಿನಲ್ಲಿ ಕೆಲಸಕ್ಕೆ ತಡವಾದವರಿರುತ್ತಾರೆ.

ಕಾಗದಪತ್ರ

ಒಬ್ಬರು ಕೊಡ ಹೊತ್ತು ನಡೆಯಲು ಅನುಮತಿ ಯಾಕೆ ಎಂದು ಕೇಳಬಹುದು. ನಡೆಯುವವರು ಒಬ್ಬರೇ ಇದ್ದರೂ ಹಿಂದೆ ಕ್ಯಾಮೆರಾ, ಮುಂದೆ ಗೆಳೆಯರು, ಪಕ್ಕದಲ್ಲಿ ಕುತೂಹಲಿಗಳು ಸೇರಿದರೆ ಅದು ಮೆರವಣಿಗೆಯಂತೆ ಕಾಣುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963 ರಸ್ತೆಯ ಜನಸಂದಣಿ, ಮೆರವಣಿಗೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ. ಬೆಂಗಳೂರಿನಲ್ಲಂತೂ 2021ರ ಆದೇಶದ ಪ್ರಕಾರ ಪ್ರತಿಭಟನೆಗಳಿಗೆ ಇರುವ ಜಾಗ ಫ್ರೀಡಂ ಪಾರ್ಕ್. ನಿಮ್ಮ ಕೃತಿಯಲ್ಲಿ ಕೆರೆ ಕಳೆದುಕೊಂಡ ನೋವು ಇದೆ. ಆದರೆ ಫಲಕ, ಘೋಷಣೆ, ಬೇಡಿಕೆ ಸೇರಿದ ಕ್ಷಣದಿಂದ ಅದನ್ನು ಪ್ರತಿಭಟನೆ ಎಂದು ನೋಡುತ್ತಾರೆ. ಯಾವುದು ಬೇಕು ಎಂದು ಪ್ರಾಮಾಣಿಕವಾಗಿ ತೀರ್ಮಾನಿಸಿ. ಪ್ರತಿಭಟನೆಯೇ ಬೇಕಿದ್ದರೆ ಕಲೆಯ ಹೆಸರಲ್ಲಿ ಅರ್ಜಿ ಹಾಕಬೇಡಿ.

ಮೂರು ನಾಲ್ಕು ವಾರ ಮೊದಲೇ ಪತ್ರ ಕೊಡಿ. ಹಲಸೂರಿನಿಂದ ಕಬ್ಬನ್ ಪಾರ್ಕ್ ಕಡೆಗೆ ಬರುವಷ್ಟರಲ್ಲಿ ಒಂದಕ್ಕಿಂತ ಹೆಚ್ಚು ಠಾಣೆಗಳ ಸರಹದ್ದು ದಾಟುತ್ತೀರಿ. ಪ್ರತಿ ಠಾಣೆಗೂ ಬೇರೆ ಪ್ರತಿ, ಸಂಚಾರ ಪೊಲೀಸರಿಗೆ ಇನ್ನೊಂದು. ದಿನಾಂಕ, ಆರಂಭ ಮತ್ತು ಮುಕ್ತಾಯದ ಹೊತ್ತು, ದಾರಿಯ ನಕ್ಷೆ, ಜೊತೆಗಿರುವವರ ಸಂಖ್ಯೆ, ಧ್ವನಿವರ್ಧಕ ಇಲ್ಲ ಎಂಬ ಮಾತು, ಜವಾಬ್ದಾರರ ಮೊಬೈಲ್ ಸಂಖ್ಯೆ ಇವಿಷ್ಟು ಒಂದು ಪುಟದಲ್ಲಿ, ಕನ್ನಡದಲ್ಲಿ ಇರಲಿ. ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಹೊರಬನ್ನಿ. ಕಬ್ಬನ್ ಪಾರ್ಕಿನ ಒಳಗೆ ಕಾಲಿಡುವುದಾದರೆ ತೋಟಗಾರಿಕೆ ಇಲಾಖೆ, ಕ್ರೀಡಾಂಗಣದ ಆವರಣಕ್ಕೆ ಕ್ರೀಡಾ ಇಲಾಖೆ. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ಗೆಳೆಯರ ಹಳೆಯ ಪತ್ರದ ನಮೂನೆಯನ್ನು ಹಾಗೆಯೇ ನಕಲು ಮಾಡಬೇಡಿ. ವಿಧಾನಸೌಧ ಹತ್ತಿರದಲ್ಲೇ ಇದೆ, ಡ್ರೋನ್ ಆಸೆ ಬಿಡಿ.

ಕೊಡ, ಸಿಂಬಿ, ನೀರು

ತಾಮ್ರದ ಕೊಡ ಚೆಂದ, ಭಾರ, ಪೂಜೆಯದೆಂದು ಕಾಣುತ್ತದೆ. ಬಣ್ಣದ ಪ್ಲಾಸ್ಟಿಕ್ ಕೊಡ ಹಗುರ, ಮತ್ತು ಟ್ಯಾಂಕರ್ ಮುಂದಿನ ಸಾಲುಗಳನ್ನು ಕಂಡ ಯಾವ ನಗರವಾಸಿಗೂ ಅದರ ಅರ್ಥ ಹೇಳಬೇಕಾಗಿಲ್ಲ. ನಾನು ಪ್ಲಾಸ್ಟಿಕ್ ಆರಿಸುತ್ತೇನೆ. ಒಂದು ಲೀಟರ್ ನೀರು ಒಂದು ಕೆಜಿ, ಲೆಕ್ಕ ಸುಲಭ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮಾತ್ರ ರಸ್ತೆಯಲ್ಲಿ ನಂಬಬೇಡಿ, ಹೆಜ್ಜೆ ಹಾಕಿದರೆ ತುಂಬಿದ್ದೂ ತುಳುಕುತ್ತದೆ. ನೀರಿನ ಮೇಲೆ ಅಗಲವಾದ ಎಲೆಯನ್ನೋ ಪುಟ್ಟ ತಟ್ಟೆಯನ್ನೋ ತೇಲಿಬಿಟ್ಟರೆ ತುಳುಕುವುದು ಕಡಿಮೆಯಾಗುತ್ತದೆ.

ಸಿಂಬಿಯನ್ನು ಹಳೆಯ ಹತ್ತಿ ಸೀರೆಯಿಂದ ಸುತ್ತಿ. ರೇಷ್ಮೆ, ನೈಲಾನ್ ಜಾರುತ್ತವೆ. ನಿಮ್ಮ ನೆತ್ತಿಗೆ ಸರಿಹೊಂದುವ ಸಿಂಬಿ ಸಿಗಲು ಕೆಲವು ಬಾರಿ ಬಿಚ್ಚಿ ಸುತ್ತಬೇಕಾಗುತ್ತದೆ. ಕೊಡ ಹೊತ್ತು ಗೊತ್ತಿರುವ ಹಿರಿಯ ಹೆಂಗಸರ ಬಳಿ ಕಲಿಯುವುದು ಎಲ್ಲಕ್ಕಿಂತ ಉತ್ತಮ. ಕೆರೆಯ ನೀರನ್ನೇ ತುಂಬುವ ಹಟ ಬೇಡ. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ನಗರ ನೋಡಿದೆ. ಅಂಥ ನೀರು ಮೂರು ಗಂಟೆ ನಿಮ್ಮ ಮುಖ, ಕಣ್ಣುಗಳ ಮೇಲೆ ತೊಟ್ಟಿಕ್ಕುವುದು ಬೇಡ. ದಂಡೆಯಲ್ಲಿ ನಿಂತು ಶುದ್ಧ ನೀರು ತುಂಬಿಸಿಕೊಳ್ಳಿ. ಕೇಳಿದವರಿಗೆ ಅದನ್ನು ಮುಚ್ಚಿಡದೆ ಹೇಳಿ.

ದೇಹವನ್ನು ಎಂಟು ವಾರಗಳಲ್ಲಿ ಸಿದ್ಧಪಡಿಸುವುದು

ಮೊದಲು ವೈದ್ಯರು. ರಕ್ತದೊತ್ತಡ, ಹೃದಯ, ಕತ್ತಿನ ಮೂಳೆ ನೋಡಿಸಿ. ಕತ್ತಿನಲ್ಲಿ ಹಳೆಯ ನೋವಿದ್ದರೆ, ಕೈಗೆ ಜೋಮು ಹಿಡಿಯುತ್ತಿದ್ದರೆ ತಲೆಯ ಮೇಲೆ ಹೊರುವುದನ್ನು ಕೈಬಿಟ್ಟು ಸೊಂಟದ ಮೇಲೆ ಮಾತ್ರ ಹೊರಿ.

ತಲೆ ಹೊರೆಯ ಬಗ್ಗೆ 1986ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವಿದೆ. ಪೂರ್ವ ಆಫ್ರಿಕಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ತೂಕದ ಶೇ 20ರಷ್ಟು ಭಾರವನ್ನು ಹೆಚ್ಚಿನ ಶಕ್ತಿ ವ್ಯಯಿಸದೆ ಒಯ್ಯುತ್ತಾರೆ ಎಂದು ಅದು ತೋರಿಸಿತು. ಇದನ್ನು ಓದಿ ಹುರುಪುಗೊಳ್ಳಬೇಡಿ. ಅವರು ಬಾಲ್ಯದಿಂದ ಹೊತ್ತವರು. ಕುರ್ಚಿಯಲ್ಲಿ ಕುಳಿತು ಬೆಳೆದ ಕತ್ತಿಗೆ ಎಂಟು ವಾರದಲ್ಲಿ ಆ ಚಳಕ ಬರುವುದಿಲ್ಲ. ಹೊಸಬರು ತಲೆಯ ಮೇಲೆ ಕೊಡ ಸೇರಿ ಒಂಬತ್ತು ಹತ್ತು ಕೆಜಿ ದಾಟದಿರುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಎಂಟು ಲೀಟರ್ ಎಂದದ್ದು ಅದಕ್ಕೇ.

ಮೊದಲೆರಡು ವಾರ ಕೊಡ ಮುಟ್ಟಬೇಡಿ. ದಿನ ಬಿಟ್ಟು ದಿನ ಒಂದು ಗಂಟೆ ನಡಿಗೆ, ಉಳಿದ ದಿನ ಬೆನ್ನು, ಹೊಟ್ಟೆ, ಭುಜಗಳಿಗೆ ವ್ಯಾಯಾಮ. ಕತ್ತಿಗೆ, ಅಂಗೈಯನ್ನು ಹಣೆಗೆ, ಪಕ್ಕಕ್ಕೆ, ಹಿಂಬದಿಗೆ ಒತ್ತಿ ತಲೆಯನ್ನು ಅಲುಗಿಸದೆ ಹತ್ತು ಸೆಕೆಂಡು ತಡೆಯುವ ಅಭ್ಯಾಸ ಸಾಕು. ಮೂರನೆಯ ವಾರ ಎರಡು ಲೀಟರ್ ನೀರಿನೊಂದಿಗೆ ಹದಿನೈದು ನಿಮಿಷ. ಮರಳು ತುಂಬಿ ತಾಲೀಮು ಮಾಡಬೇಡಿ. ನೀರು ಅಲುಗಾಡುತ್ತದೆ, ನಿಮ್ಮ ಸ್ನಾಯುಗಳು ಕಲಿಯಬೇಕಾದದ್ದು ಆ ಅಲುಗಾಟಕ್ಕೆ ಉತ್ತರ ಕೊಡುವುದನ್ನು. ಅಲ್ಲಿಂದ ಮುಂದೆ ಒಂದು ವಾರ ಭಾರ ಹೆಚ್ಚಿಸಿದರೆ ಮರುವಾರ ಹೊತ್ತು ಹೆಚ್ಚಿಸಿ, ಎರಡನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ಆರನೆಯ ವಾರದ ಕೊನೆಗೆ ಪೂರ್ಣ ಭಾರದಲ್ಲಿ ಒಂದೂವರೆ ಗಂಟೆ. ಏಳನೆಯ ವಾರ ಎರಡೂಕಾಲು ಗಂಟೆಯ ಒಂದೇ ಒಂದು ದೀರ್ಘ ತಾಲೀಮು. ಎಂಟನೆಯ ವಾರ ಬಹುತೇಕ ವಿಶ್ರಾಂತಿ. ಮೂರು ಗಂಟೆಯನ್ನು ತಾಲೀಮಿನಲ್ಲಿ ಪೂರ್ತಿ ಮಾಡಬೇಕಾಗಿಲ್ಲ, ಆ ಕೊನೆಯ ಮುಕ್ಕಾಲು ಗಂಟೆ ಬೀದಿಗೇ ಮೀಸಲಿರಲಿ.

ನಿಧಾನ ನಡಿಗೆಗೆ ಬೇರೆಯೇ ತಾಲೀಮು ಬೇಕು. ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗದಲ್ಲಿ ಭಾರವೆಲ್ಲ ಒಂದೇ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಂಡಿ, ಸೊಂಟ, ಹಿಮ್ಮಡಿ ಮೊದಲು ದೂರುತ್ತವೆ. ಬರಿಗಾಲು ಚೆಂದವೆನಿಸಬಹುದು, ಆದರೆ ಬೇಸಿಗೆಯ ಮಧ್ಯಾಹ್ನ ಡಾಂಬರು ಗಾಳಿಗಿಂತ ತುಂಬಾ ಬಿಸಿಯಾಗಿ ಅಂಗಾಲು ಸುಡುತ್ತದೆ, ಗಾಜಿನ ಚೂರಂತೂ ಎಲ್ಲ ಋತುವಿನಲ್ಲೂ ಇರುತ್ತದೆ. ಪಳಗಿದ ಚಪ್ಪಲಿ ಅಥವಾ ಶೂ ಹಾಕಿ. ಬೊಬ್ಬೆ ಏಳುವ ಜಾಗಗಳಿಗೆ ಮೊದಲೇ ವೈದ್ಯಕೀಯ ಟೇಪ್, ತೊಡೆ ಸಂದಿಗೆ ವ್ಯಾಸಲೀನ್.

ಬಿಸಿಲಿಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಕೊನೆಯ ಎರಡು ವಾರಗಳ ತಾಲೀಮನ್ನು ಪ್ರದರ್ಶನದ ಹೊತ್ತಿಗೇ ಇಟ್ಟುಕೊಳ್ಳಿ. ಬೆಂಗಳೂರು ತಂಪು ಎಂಬ ಹಳೆಯ ಮಾತಿಗೆ ಮರುಳಾಗಬೇಡಿ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಡಿಸೆಂಬರ್‌ನಿಂದ ಫೆಬ್ರುವರಿಯ ಒಳಗೆ, ಬೆಳಿಗ್ಗೆ ಏಳಕ್ಕೆ ಹೊರಟು ಹತ್ತಕ್ಕೆ ಮುಗಿಸುವುದು ಜಾಣತನ.

ಕುಡಿಯುವ ನೀರಿನ ವಿಷಯದಲ್ಲಿ ಎರಡು ಬಗೆಯ ಅತಿ ಇದೆ. ಕುಡಿಯದೇ ಇರುವುದು ಒಂದು. ಬರೀ ನೀರನ್ನೇ ವಿಪರೀತ ಕುಡಿದು ರಕ್ತದ ಉಪ್ಪಿನ ಅಂಶ ಇಳಿಸಿಕೊಳ್ಳುವುದು ಇನ್ನೊಂದು, ಇದೂ ಪ್ರಾಣಕ್ಕೆ ಕುತ್ತು. ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆಯ ಮೇಲೆ ಕೊಡವಿದ್ದಾಗ ಬಾಟಲಿ ಎತ್ತಿ ಕುಡಿಯಲಾಗದು, ಕೊಳವೆಯಿರುವ ಚೀಲ ಬೇಕು. ಎಂಟು ಲೀಟರ್ ನೀರು ಹೊತ್ತವರು ಬೇರೆಯವರ ಕೈಯಿಂದ ನೀರು ಕುಡಿಯುವ ದೃಶ್ಯ ನೋಡುವವರ ಗಮನಕ್ಕೆ ಬಾರದೇ ಇರುವುದಿಲ್ಲ, ಅದನ್ನು ಮರೆಮಾಚಬೇಡಿ.

ನಿಲ್ಲಿಸುವ ಅಧಿಕಾರ ಇನ್ನೊಬ್ಬರದು

1974ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಕಲಾವಿದೆ ಮರೀನಾ ಅಬ್ರಮೋವಿಚ್ ಉರಿಯುವ ನಕ್ಷತ್ರಾಕಾರದ ಚೌಕಟ್ಟಿನೊಳಗೆ ಮಲಗಿದರು. ಬೆಂಕಿ ಆಮ್ಲಜನಕವನ್ನು ತಿಂದುಹಾಕಿ ಅವರು ಪ್ರಜ್ಞೆ ತಪ್ಪಿದರು. ನೋಡುತ್ತಿದ್ದವರಿಗೆ ತಕ್ಷಣ ತಿಳಿಯಲಿಲ್ಲ, ಮಲಗಿರುವುದೇ ಪ್ರದರ್ಶನವಾಗಿತ್ತಲ್ಲ. ಜ್ವಾಲೆ ಕಾಲಿಗೆ ತಾಗಿದರೂ ಅವರು ಅಲುಗದಿದ್ದಾಗ ಪ್ರೇಕ್ಷಕರಲ್ಲಿ ಕೆಲವರು ಎಳೆದು ಹೊರತಂದರು. ದೇಹ ದಣಿಸುವ ಎಲ್ಲ ಪ್ರದರ್ಶನಗಳ ಮೂಲ ತೊಡಕು ಇದೇ: ಸಂಕಟಕ್ಕೂ ಅಭಿನಯಕ್ಕೂ ಹೊರನೋಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಒಳಗಿರುವವರಿಗೂ ಕಾಣುವುದಿಲ್ಲ, ಏಕೆಂದರೆ ಬಿಸಿಲು ಏರಿದಾಗ ಮೊದಲು ಮಂಕಾಗುವುದು ವಿವೇಚನೆಯೇ.

ಆದ್ದರಿಂದ ಕಲೆಯ ಬಗ್ಗೆ ಹೆಚ್ಚು ಮೋಹವಿಲ್ಲದ, ನಿಮ್ಮ ಬಗ್ಗೆ ಅಕ್ಕರೆಯಿರುವ ಒಬ್ಬರನ್ನು ಆರಿಸಿ. ಅಕ್ಕ, ತಮ್ಮ, ಹಳೆಯ ಗೆಳತಿ, ಯಾರಾದರೂ ಸರಿ. ಅವರು ನಿಲ್ಲಿಸು ಎಂದರೆ ನಿಲ್ಲಿಸಬೇಕು, ಚರ್ಚೆ ಮರುದಿನ. ಇಪ್ಪತ್ತು ನಿಮಿಷಕ್ಕೊಮ್ಮೆ ಅವರು ಪಕ್ಕಕ್ಕೆ ಬಂದು ಮುಂದಿನ ವೃತ್ತ ಯಾವುದು ಎಂದು ಕೇಳಲಿ. ಉತ್ತರ ತಡವರಿಸಿದರೆ, ಹೆಜ್ಜೆ ತೂರಾಡಿದರೆ, ವಾಂತಿ ಬಂದಂತಾದರೆ, ಕೈಬೆರಳು ಮರಗಟ್ಟಿದರೆ ಕೊಡ ಇಳಿಯಬೇಕು. ಮಾತು ಅಸಂಬದ್ಧವಾಗಿ ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ನೆರಳಿಗೆ ತಂದು, ಆ ಕೊಡದ ನೀರನ್ನೇ ಮೈಮೇಲೆ ಸುರಿದು ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎರಡನೆಯ ಜೊತೆಗಾರರ ಕೆಲಸ ಜನರೊಂದಿಗೆ ಮಾತನಾಡುವುದು. "ಅಮ್ಮಾ, ಕಂಠೀರವದ ಹತ್ತಿರ ಹಿಂದೆ ಕೆರೆ ಇತ್ತು. ಅಲ್ಲಿಗೆ ಈ ಕೆರೆಯ ಕಡೆಯಿಂದ ಒಂದು ಕೊಡ ನೀರು ಒಯ್ಯುತ್ತಿದ್ದಾರೆ, ಅಷ್ಟೇ." ಇದಕ್ಕಿಂತ ಹೆಚ್ಚು ವಿವರಿಸುವವರನ್ನು ಈ ಕೆಲಸಕ್ಕೆ ಹಾಕಬೇಡಿ. ಪೊಲೀಸರು ಬಂದರೆ ಮುದ್ರೆಯಿರುವ ಪತ್ರ ತೋರಿಸುವವರೂ ಇವರೇ. ಹೊರುವವರು ಹೆಂಗಸಾದರೆ ಇವರು ಹತ್ತು ಹೆಜ್ಜೆಗಿಂತ ದೂರ ಹೋಗಬಾರದು. ಚುಡಾಯಿಸುವವರಿಗೆ ನಿಧಾನವಾಗಿ ನಡೆಯುವ, ಕೈ ಬಿಡುವಿಲ್ಲದ ದೇಹ ಸುಲಭದ ಗುರಿ. ಮೂರನೆಯವರು ಕ್ಯಾಮೆರಾ. ಇಷ್ಟೇ ಸಾಕು.

ಆ ದಿನ ಮತ್ತು ಆಮೇಲೆ

ಹಿಂದಿನ ರಾತ್ರಿ ಬೇಗ ಊಟ, ಬೇಗ ನಿದ್ದೆ. ಬೆಳಿಗ್ಗೆ ಎರಡು ಗಂಟೆ ಮೊದಲು ಇಡ್ಲಿಯೋ ಅವಲಕ್ಕಿಯೋ ಹಗುರಾಗಿ. ಕೊಡವನ್ನು ನೆಲದಿಂದ ನೀವೇ ತಲೆಗೆ ಎತ್ತಬೇಡಿ. ಹೆಚ್ಚು ಬೆನ್ನುಗಳು ಉಳುಕುವುದು ಆ ಒಂದು ಚಲನೆಯಲ್ಲಿ. ಇಬ್ಬರು ಎತ್ತಿ ಕೊಡಲಿ. ಮೊದಲ ಅರ್ಧ ಗಂಟೆ ಎಲ್ಲವೂ ಸುಲಭವೆನಿಸಿ ಕಾಲು ತಾನಾಗಿ ಚುರುಕಾಗುತ್ತದೆ. ಅದನ್ನು ತಡೆಯಿರಿ. ಯಾರಾದರೂ ಅಜ್ಜಿ ಬಂದು ಕೊಡಕ್ಕೆ ಕೈ ಕೊಟ್ಟರೆ ಬೇಡವೆನ್ನಬೇಡಿ. ಇಡುವಂತಿಲ್ಲ ಎಂದು ನಿಯಮವಿದೆಯೇ ಹೊರತು ಹಂಚಿಕೊಳ್ಳುವಂತಿಲ್ಲ ಎಂದಿಲ್ಲ. ಯಾರಾದರೂ ಕುಡಿಯಲು ನೀರು ಕೇಳಿದರೆ ಕೊಡಿ. ನಾಣ್ಯ ಹಾಕಲು ಬಂದರೆ ನಯವಾಗಿ ಹಿಂದಿರುಗಿಸಿ.

ಮುಗಿದ ಕೂಡಲೇ ಕುಸಿದು ಕೂರಬೇಡಿ. ಐದು ನಿಮಿಷ ಬರಿಗೈಯಲ್ಲಿ ನಡೆದು, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಆಮೇಲೆ ನೆರಳಿನಲ್ಲಿ ಕಾಲು ಚಾಚಿ. ಕತ್ತಿನ ಬಿಗಿತ ಎರಡನೆಯ ದಿನ ಹೆಚ್ಚಾಗುವುದು ಸಹಜ. ಜೋಮು ಮಾತ್ರ ಉಳಿದರೆ ವೈದ್ಯರ ಬಳಿ ಹೋಗಿ.

ದಾಖಲೆಯ ವಿಷಯದಲ್ಲಿ ಜಿಪುಣರಾಗಿ. ಆಲಿಸ್ ಅವರ ಒಂಬತ್ತು ಗಂಟೆಯ ಶ್ರಮ ವಿಡಿಯೊದಲ್ಲಿ ಉಳಿದಿರುವುದು ಸುಮಾರು ಐದು ನಿಮಿಷ. ಕ್ಯಾಮೆರಾದವರು ದೂರದಲ್ಲಿರಲಿ, ಹತ್ತಿರ ಬಂದಷ್ಟೂ ಬೀದಿ ಅದನ್ನು ಶೂಟಿಂಗ್ ಎಂದುಕೊಂಡು ದಾರಿ ಬಿಡುತ್ತದೆ, ದಾರಿ ಬಿಟ್ಟ ಬೀದಿ ನಿಮಗೆ ಬೇಡ. ದಾರಿಹೋಕರ, ಅದರಲ್ಲೂ ಮಕ್ಕಳ ಮುಖ ಸ್ಪಷ್ಟವಾಗಿ ಕಾಣುವ ದೃಶ್ಯಗಳನ್ನು ಒಪ್ಪಿಗೆಯಿಲ್ಲದೆ ಬಳಸಬೇಡಿ. ಎಷ್ಟು ಲೀಟರ್ ಹೊರಟಿತು, ಎಷ್ಟು ತಲುಪಿತು ಎಂದು ಅಳೆದು ಬರೆದಿಡಿ. ಜನರಾಡಿದ ಮಾತುಗಳನ್ನು ಜೊತೆಗಾರರಿಬ್ಬರೂ ಅಂದೇ ಸಂಜೆ, ಪರಸ್ಪರ ಮಾತಾಡಿಕೊಳ್ಳುವ ಮೊದಲು, ಬೇರೆ ಬೇರೆಯಾಗಿ ಬರೆದುಕೊಡಲಿ. ಮರುದಿನ ಠಾಣೆಗಳಿಗೆ ಹೋಗಿ ಕಾರ್ಯಕ್ರಮ ಮುಗಿಯಿತೆಂದು ತಿಳಿಸಿ ಬನ್ನಿ; ಮುಂದಿನ ಸಲ ಇನ್ನೊಬ್ಬ ಕಲಾವಿದೆ ಪತ್ರ ಹಿಡಿದು ಅಲ್ಲಿಗೆ ಹೋದಾಗ ಅದು ನೆರವಾಗುತ್ತದೆ.